ಪತ್ತನಾಜೆಯ ನಂತರದ ಮೌನ

ಮಾನ್ಯ ಸಂಪಾದಕರೇ,

ತುಳುನಾಡಿನ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗೆ) ಬಂತೆಂದರೆ ಪತ್ರಿಕೆಗಳ ತುಂಬ ಪತ್ರೊಡೆ, ಕಣಿಲೆ ಪಲ್ಯ, ತಜಂಕ್ ಸೊಪ್ಪಿನ ವಡೆ. ಸಭಾಂಗಣಗಳಲ್ಲಿ ಆಟಿಯ ಹೆಸರಿನಲ್ಲಿ ಬಾಳೆಲೆ ಹಿಡಿಸದಷ್ಟು ಬಗೆ ಬಡಿಸಿ ಫೋಟೋ ತೆಗೆಯುತ್ತಾರೆ. ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಭತ್ತ ತುಂಬಿಡುವ ಪತ್ತಾಯದ ತಳ ಕಾಣುವ ತಿಂಗಳು ಅದು ಎಂಬುದನ್ನು ಯಾರೂ ಹೇಳುವುದಿಲ್ಲ. ಬೇರೇನೂ ಸಿಗದ್ದರಿಂದ ಬೇಲಿಯ ಸೊಪ್ಪು, ಬಿದಿರಿನ ಮೊಳಕೆ ತಿಂದರು. ಹಬ್ಬವೆಂದು ಯಾರೂ ತಿಂದದ್ದಲ್ಲ.

ನಾವು ಬರೆಯಲು ಹೊರಟದ್ದು ಅಡುಗೆಯ ವಿಷಯವಲ್ಲ. ತುಳುವಿನ ಬೇಷ್ಯ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಸುಮಾರಿಗೆ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಸ್ಥಾನಗಳಲ್ಲಿ ದೈವದ ಕಾಲಿನ ಗಗ್ಗರ ಒಳಗೆ ಸೇರುತ್ತದೆ. ಮತ್ತೆ ದೈವಗಳ ಕೋಲ, ನೇಮ ಎಂದರೆ ದೀಪಾವಳಿಯ ಹೊತ್ತಿಗೆ. ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಮಲಯಾಳದ ತುಲಾ ತಿಂಗಳ ಹತ್ತರ ವರೆಗೆ ಅಲ್ಲಿಯ ದೈವಾರಾಧನೆಯಾದ ತೆಯ್ಯವೂ ಇಲ್ಲ. ಆಟಿಯಲ್ಲಂತೂ ದೈವಗಳು ಘಟ್ಟ ಹತ್ತಿ ಹೋಗುತ್ತವೆ ಎಂಬುದೇ ಊರ ನಂಬಿಕೆ. ಈ ಏರ್ಪಾಡನ್ನು ಸ್ವಲ್ಪ ನಿಂತು ನೋಡಬೇಕು. ಹಸಿವು, ಚಳಿಜ್ವರ, ನೆರೆ, ಅಡಿಕೆಗೆ ಕೊಳೆರೋಗ ಎಲ್ಲವೂ ಒಟ್ಟಿಗೆ ಮೇಲೆ ಬೀಳುವ ತಿಂಗಳುಗಳು ಇವು. 'ಹೆದರಬೇಡ, ನಾನಿದ್ದೇನೆ' ಎಂದು ಗಂಧ ಕೊಟ್ಟು ಅಭಯ ಹೇಳುವ ದೈವದ ಬಾಯಿ ಸರಿಯಾಗಿ ಆಗಲೇ ಮುಚ್ಚಿರುತ್ತದೆ. ಆ ಐದು ತಿಂಗಳು ಜನ ಹಿಂದಿನ ಕೋಲದಲ್ಲಿ ಕೇಳಿದ ನುಡಿಯನ್ನೇ ಹಿಡಿದುಕೊಂಡು, ಸಂಜೆ ದೀಪ ಇಟ್ಟು, ಗದ್ದೆಗಿಳಿದು ದಿನ ದೂಡುತ್ತಿದ್ದರು. ಹೊಸ ನುಡಿ ಬೇಕೆಂದು ಘಟ್ಟದ ಬುಡದಲ್ಲಿ ಕಾದು ಕುಳಿತವರಿಲ್ಲ.

ಈಗ ಆ ತಾಳ್ಮೆ ಯಾರಿಗಿದೆ? ಮನೆಗೊಂದು ಕಷ್ಟ ಬಂದ ಎಂಟು ದಿನದೊಳಗೆ ಮೂರು ಕಡೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಐದು ಕ್ಷೇತ್ರಕ್ಕೆ ಹರಕೆ ಹೇಳಿ, ಹನ್ನೊಂದು ಜನರ ಸಲಹೆ ಕೇಳಿ ಆಗಿರುತ್ತದೆ. ಮನೆಯ ದೇವರ ದೀಪಕ್ಕೆ ಮಾತ್ರ ಎಣ್ಣೆ ಹಾಕಿರುವುದಿಲ್ಲ. ಭಜನಾ ಮಂದಿರಗಳಲ್ಲಿ, ದೇವಸ್ಥಾನಗಳ ಸೇವಾ ಕೌಂಟರಿನಲ್ಲಿ ಕುಳಿತವರಿಗೆ ಇದು ದಿನವೂ ಕಾಣುವ ದೃಶ್ಯ. ಭಕ್ತಿ ಕಡಿಮೆಯಾಗಿದೆ ಎನ್ನುವ ದೂರಿನಲ್ಲಿ ಹುರುಳಿಲ್ಲ. ಹಿಂದುಮುಂದಾಗಿರುವುದು ಅನುಕ್ರಮ.

ಶರಣಾಗತಿಗೆ ಆರು ಅಂಗಗಳೆಂದು ಹಿರಿಯರು ಹೇಳುತ್ತಾರೆ. ಅವುಗಳ ಸಾಲು ನೋಡಿ. ಮೊದಲನೆಯದು ಆನುಕೂಲ್ಯಸಂಕಲ್ಪ, ದೇವರಿಗೆ ಒಪ್ಪುವುದನ್ನು ಮಾಡುತ್ತೇನೆಂಬ ನಿಶ್ಚಯ. ಎರಡನೆಯದು ಪ್ರಾತಿಕೂಲ್ಯವರ್ಜನ, ಒಪ್ಪದ್ದನ್ನು ಬಿಡುವುದು. ಕಾಯುತ್ತಾರೆಂಬ ವಿಶ್ವಾಸದ ಸರದಿ ಬರುವುದು ಆಮೇಲೆ, ಮೂರನೆಯದಾಗಿ. ನೀನೇ ಕಾಯಬೇಕೆಂದು ಕೇಳಿಕೊಳ್ಳುವುದು, ತನ್ನನ್ನು ಒಪ್ಪಿಸಿಬಿಡುವುದು, ನನ್ನಿಂದಾಗದು ಎಂಬ ದೈನ್ಯ, ಇವು ಉಳಿದ ಮೂರು. ಅಂದರೆ ವಿಧೇಯತೆ ಮೊದಲು, ನಂಬಿಕೆ ಅದರ ಬೆನ್ನಿಗೆ. ನಾವು ಇದನ್ನು ತಿರುಗಿಸಿಟ್ಟಿದ್ದೇವೆ. ಮೊದಲು ಮನಸ್ಸಿಗೆ ಧೈರ್ಯ ಬರಲಿ, ಆಮೇಲೆ ನಿಯಮ ಹಿಡಿಯುತ್ತೇನೆ ಎಂದು ಕಾಯುತ್ತೇವೆ. ಗಂಡ ಐಸಿಯುವಿನಲ್ಲಿರುವಾಗ, ಮಗನ ಕೆಲಸ ಹೋದಾಗ, ತೋಟ ಹಳದಿಯಾಗುವಾಗ ಧೈರ್ಯ ಎಲ್ಲಿಂದ ಬರಬೇಕು? ಬರುವುದಿಲ್ಲ. ಕೈಕಾಲಿಗೆ ಕೆಲಸ ಕೊಡಬಹುದು. ಮನಸ್ಸು ನಿಧಾನಕ್ಕೆ ಹಿಂದಿನಿಂದ ಬರುತ್ತದೆ, ಹಟ್ಟಿಯಿಂದ ಹೊರಟ ದನದ ಹಿಂದೆ ಕರು ಬಂದ ಹಾಗೆ.

ಕೈಕಾಲಿಗೆ ಎಂಥ ಕೆಲಸ? ಇಲ್ಲೇ ಹೆಚ್ಚಿನವರು ಎಡವುವುದು. ಕಷ್ಟ ದೊಡ್ಡದಾದ್ದರಿಂದ ನಿಯಮವೂ ದೊಡ್ಡದಿರಬೇಕೆಂದು ಭಾವಿಸಿ ಸಹಸ್ರನಾಮ ಎರಡು ಹೊತ್ತು, ಒಪ್ಪತ್ತು ಊಟ, ಬೆಳಿಗ್ಗೆ ನಾಲ್ಕಕ್ಕೆ ಸ್ನಾನ ಎಂದು ಶುರು ಮಾಡುತ್ತಾರೆ. ಮೂರು ದಿನ ನಡೆಯುತ್ತದೆ. ನಾಲ್ಕನೆಯ ದಿನ ಆಸ್ಪತ್ರೆಯಿಂದ ಫೋನ್ ಬರುತ್ತದೆ, ತಪ್ಪುತ್ತದೆ. ಐದನೆಯ ದಿನ ನಿನ್ನೆಯದೂ ಸೇರಿಸಿ ಮಾಡಲು ಹೋಗಿ ಸುಸ್ತು. ಆರನೆಯ ದಿನ, ದೇವರಿಗೆ ಕೊಟ್ಟ ಮಾತು ತಪ್ಪಿದೆನಲ್ಲ ಎಂಬ ಭಯ ಹಳೆಯ ಕಷ್ಟದ ಮೇಲೆ ಹೊಸದಾಗಿ ಕುಳಿತಿರುತ್ತದೆ. ಅಳತೆ ಹೀಗಿರಲಿ: ನಿಮ್ಮ ಅತ್ಯಂತ ಕೆಟ್ಟ ದಿನದಲ್ಲಿ ಎಷ್ಟು ಮಾಡಬಲ್ಲಿರೋ ಅದರ ಅರ್ಧ. ಸಂಜೆ ಒಂದು ಬತ್ತಿ, ಎಳ್ಳೆಣ್ಣೆ ಒಂದು ಚಮಚ, ದೀಪದ ಮುಂದೆ ಹತ್ತು ನಿಮಿಷ, ಕುಲದೇವರ ಹೆಸರು 108 ಸಲ. ಅಷ್ಟು ಸಾಕು. ಜಪಮಣಿ ಇಲ್ಲದಿದ್ದರೆ ಬೆರಳ ಗೆಣ್ಣು ಎಣಿಸಿ, ಒಂದು ಕೈಯ ನಾಲ್ಕು ಬೆರಳಿಗೆ ಹನ್ನೆರಡು, ಅಂಥ ಒಂಬತ್ತು ಸುತ್ತು. ತಪ್ಪಿದ ದಿನವನ್ನು ಮರುದಿನಕ್ಕೆ ಸೇರಿಸಬೇಡಿ, ತಪ್ಪಿತು ಅಷ್ಟೆ. ಒಂದು ಮಂಡಲ ಕೈಬಿಡದೆ ಮಾಡಿ. ಕೇರಳದ ಲೆಕ್ಕದಲ್ಲಿ ಮಂಡಲವೆಂದರೆ 41 ದಿನ, ಕರ್ನಾಟಕದಲ್ಲಿ 48. ಗಡಿನಾಡು ಕಾಸರಗೋಡಿನವರಾದ ನಮಗೆ ಈ ವಿಷಯದಲ್ಲೂ ಎರಡು ರಾಜ್ಯ! ಯಾವುದಾದರೂ ಒಂದನ್ನು ಮೊದಲೇ ನಿಶ್ಚಯಿಸಿಕೊಳ್ಳಿ, 41ಕ್ಕೆ ಬಂದಾಗ ಚೌಕಾಶಿಗೆ ನಿಲ್ಲಬೇಡಿ.

ಮನೆಯಲ್ಲಿ ಸಾವಾದರೆ ಸೂತಕ. ದೀಪ ಇಡುವ ಹಾಗಿಲ್ಲ, ಗುಡಿಗೆ ಹೋಗುವ ಹಾಗಿಲ್ಲ. ದೇವರು ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಬಾಗಿಲು ಮುಚ್ಚಿದಂತೆ ಅನಿಸಿ ಎಷ್ಟೋ ಜನ ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಸೂತಕ ಪೂಜೆಗೆ, ಮುಟ್ಟುವ ಕರ್ಮಕ್ಕೆ ಮಾತ್ರ. ನಾಮಸ್ಮರಣೆಗೆ ಸೂತಕವಿಲ್ಲ. ಇದನ್ನು ಪುರೋಹಿತರು ಬಾಯಿಬಿಟ್ಟು ಹೇಳಬೇಕು. ಬೊಜ್ಜದ (ಉತ್ತರಕ್ರಿಯೆಯ) ಸಾಮಾನಿನ ಪಟ್ಟಿ ಕೊಡುವಾಗ ಈ ಒಂದು ವಾಕ್ಯ ಸೇರಿಸಿದರೆ ಅವರಿಗೆ ಹೆಚ್ಚಿನ ಶ್ರಮವೇನಿಲ್ಲ.

ಇನ್ನು ಹರಕೆ. ಹರಕೆ ಹೇಳುವುದೇ ತಪ್ಪು ಎನ್ನುವ ವಿಚಾರವಾದಿಗಳ ಜೊತೆ ನಾವಿಲ್ಲ. ಸರಿಯಾಗಿ ಹೇಳಿದ ಹರಕೆ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ. ಆದರೆ ಅದು ಕಟ್ಟುವ ಕ್ರಮ ಹೊಸಬರಿಗೆ ಗೊತ್ತಿಲ್ಲ. ಅಂಗೈಯಗಲದ ಬಿಳಿ ಬಟ್ಟೆಯನ್ನು ಅರಶಿನ ನೀರಲ್ಲಿ ಅದ್ದಿ ಒಣಗಿಸಿ, ಒಂದು ರೂಪಾಯಿ ನಾಣ್ಯ ಇಟ್ಟು, ಯಾರಿಗಾಗಿ, ಯಾವ ದೇವರಿಗೆ, ಏನು ಸೇವೆ ಎಂದು ಬಾಯಿಬಿಟ್ಟು ಹೇಳಿ ಗಂಟು ಹಾಕಿ ದೇವರ ಕೋಣೆಯಲ್ಲಿ ಇಡುವುದು ಮುಡಿಪು. ಹರಕೆ ತೀರಿಸುವ ದಿನ ಆ ಗಂಟು ಬಿಚ್ಚಿ ನಾಣ್ಯ ಕಾಣಿಕೆ ಡಬ್ಬಿಗೆ. ಎಡವಟ್ಟಾಗುವುದು ಎಲ್ಲಿ? ಅಜ್ಜಿ ಒಬ್ಬರೇ ಮನಸ್ಸಿನಲ್ಲಿ ಹೇಳಿಕೊಂಡು ಗಂಟು ಕಟ್ಟುತ್ತಾರೆ, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಅವರು ತೀರಿಕೊಂಡ ಮೇಲೆ ಡಬ್ಬಿಯಲ್ಲಿ ಹನ್ನೆರಡು ಹಳದಿ ಗಂಟು ಸಿಗುತ್ತದೆ. ಯಾವುದು ಮಧೂರಿನದು, ಯಾವುದು ಕಣಿಪುರದ್ದು, ಯಾವುದು ಊರ ದೈವದ್ದು? ಮುಂದೆ ಏನೇ ಆದರೂ 'ಹರಕೆ ಬಾಕಿ' ಎಂದು ಹೇಳುವವರಿಗೆ ಅದೊಂದು ಬೀಗದ ಕೈ. ಎರಡು ರೂಪಾಯಿಯ ಚೀಟಿ ಪುಸ್ತಕ ಸಾಕಿತ್ತು. ತಾರೀಕು, ದೇವರು, ಸೇವೆ, ಯಾರ ಹೆಸರಲ್ಲಿ, ತೀರಿದ ದಿನ, ಈ ಐದನ್ನು ಬರೆದು ಮುಡಿಪಿನ ಪಕ್ಕದಲ್ಲೇ ಇಡಿ. ಹಳೆಯ ಗಂಟುಗಳ ವಿಷಯ ತಿಳಿಯದಿದ್ದರೆ ಎಲ್ಲ ನಾಣ್ಯಗಳನ್ನೂ ಮನೆದೇವರ ಕ್ಷೇತ್ರಕ್ಕೆ ಒಪ್ಪಿಸಿ, ಅರಿಯದೆ ಉಳಿದದ್ದನ್ನು ಮನ್ನಿಸಬೇಕೆಂದು ಪ್ರಾರ್ಥಿಸಿ ಮುಗಿಸಿ.

ಸೇವೆಯ ಗಾತ್ರವೂ ಮುಖ್ಯ. ಸಂಕಟದ ಬಾಯಲ್ಲಿ ದೊಡ್ಡ ಮಾತೇ ಬರುತ್ತದೆ. ಮಗ ಬದುಕಿದರೆ ತುಲಾಭಾರ ಎನ್ನುತ್ತೇವೆ, ಯಾವುದರಲ್ಲಿ ಎಂದು ಯೋಚಿಸುವುದಿಲ್ಲ. 60 ಕಿಲೋ ತೂಗುವವನಿಗೆ ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋ ಹಿಡಿದರೂ 120 ಕಾಯಿ ಬೇಕು. ಅದೇ ತುಲಾಭಾರ ಬಾಳೆಹಣ್ಣಿನಲ್ಲೂ ಆಗುತ್ತದೆ, ಅಕ್ಕಿಯಲ್ಲೂ ಆಗುತ್ತದೆ. ಮನೆಯಲ್ಲಿ ಬೆಳೆದದ್ದು ಯಾವುದೋ ಅದನ್ನೇ ಹೇಳಿ, ಪೇಟೆಯಿಂದ ತಂದ ಸಕ್ಕರೆಗೆ ಹೆಚ್ಚು ಪುಣ್ಯವೆಂದು ಎಲ್ಲೂ ಇಲ್ಲ. ಚಿನ್ನ ಅಡವಿಟ್ಟು ಹರಕೆ ತೀರಿಸುವವರಿಗೆ ಒಂದು ಲೆಕ್ಕ: ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಾದರೆ ತಿಂಗಳಿಗೆ 1,000, ಎರಡು ವರ್ಷಕ್ಕೆ 24,000. ಆ ಮೊತ್ತದಲ್ಲಿ ಮನೆಯ ದೀಪಕ್ಕೆ ಎಷ್ಟು ವರ್ಷದ ಎಳ್ಳೆಣ್ಣೆ ಬರುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸಿ. ಸಾಲ ಮಾಡಿ ಸೇವೆ ಮಾಡಿಸಿ, ಬಡ್ಡಿ ಕಟ್ಟಲಾರದೆ ಹೆಂಡತಿಯ ಕರಿಮಣಿ ಹರಾಜಿಗೆ ಹೋದರೆ ಅದು ಪ್ರಾತಿಕೂಲ್ಯವರ್ಜನದ ಯಾವ ಅರ್ಥಕ್ಕೂ ಹೊಂದುವುದಿಲ್ಲ. ಈಗ ಕೈಯಲ್ಲಿ ಇಲ್ಲದಿದ್ದರೆ 'ಅನುಕೂಲವಾದಾಗ' ಎಂದು ಹರಕೆಯಲ್ಲೇ ಸೇರಿಸಿ ಹೇಳಿ. ಹಿರಿಯರು ಹಾಗೆಯೇ ಹೇಳುತ್ತಿದ್ದದ್ದು.

ಪ್ರಶ್ನೆ ಇಡಿಸುವವರಿಗೂ ಒಂದೆರಡು ಮಾತು. ತಾಂಬೂಲ ಪ್ರಶ್ನೆಯಲ್ಲಿ ನೀವು ಕೊಟ್ಟ ವೀಳ್ಯದೆಲೆಗಳಲ್ಲಿ ಮೊದಲ ಹನ್ನೆರಡನ್ನು ಜಾತಕದ ಹನ್ನೆರಡು ಭಾವಗಳೆಂದು (ಮನೆಗಳೆಂದು) ಎಣಿಸಿ, ಬಾಡಿದ, ಹರಿದ, ತೂತಾದ ಎಲೆ ಎಷ್ಟನೆಯದೋ ಆ ಭಾವದಲ್ಲಿ ದೋಷವೆಂದು ನೋಡುವ ಕ್ರಮವಿದೆ. ಮೂರು ಕಡೆ ಮೂರು ಕಟ್ಟು ಎಲೆ ಕೊಟ್ಟರೆ ಮೂರು ಬಗೆಯ ದೋಷ ಕಂಡೀತು, ಅದರಲ್ಲಿ ಆಶ್ಚರ್ಯವೇನು? ಹೋಗುವುದಾದರೆ ಒಬ್ಬರ ಬಳಿ ಒಮ್ಮೆ ಹೋಗಿ. ಪರಿಹಾರದ ಪಟ್ಟಿ ಕೊಟ್ಟಾಗ, 'ಇದರಲ್ಲಿ ಖರ್ಚಿಲ್ಲದ್ದು ಯಾವುದು, ಅದನ್ನು ಮೊದಲು ಮಾಡಬಹುದೇ?' ಎಂದು ಕೇಳಿ. ಒಳ್ಳೆಯ ಜೋಯಿಸರು ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಎಲೆ ಅಡಿಕೆ ಅಲ್ಲೇ ಬಿಟ್ಟು ಎದ್ದು ಬನ್ನಿ.

ದೋಷ ಎಂಬ ಮಾತಿಗೆ ನಮ್ಮ ಕಾಸರಗೋಡು ಜಿಲ್ಲೆ ತೆತ್ತ ಬೆಲೆ ಸಣ್ಣದಲ್ಲ. ಎಣ್ಮಕಜೆಯಂಥ ಕಡೆ ಮಕ್ಕಳು ಅಂಗವಿಕಲರಾಗಿ ಹುಟ್ಟತೊಡಗಿದಾಗ, ಕರು ಸತ್ತಾಗ, ಜೇನು ಮಾಯವಾದಾಗ, ದೈವದ ಕೋಪವೆಂದು ನಂಬಿ ತಮ್ಮನ್ನು ತಾವೇ ಹಳಿದುಕೊಂಡವರು ಬಹಳ. 20 ವರ್ಷಕ್ಕೂ ಹೆಚ್ಚು ಕಾಲ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಸುರಿಯುತ್ತಿದ್ದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಲು ಹೇಳಿತು. ಆ ತಾಯಂದಿರಲ್ಲಿ ದೇವರನ್ನು ಬಿಟ್ಟವರು ಕಡಿಮೆ. ಮಗುವಿನ ಬಾಯಿ ಒರೆಸಿ, ಗಂಜಿ ಕುಡಿಸಿ, ದೀಪ ಹಚ್ಚಿ, ಮರುದಿನ ಬಸ್ ಹಿಡಿದು ಧರಣಿಗೆ ಹೋದರು. ದೇವರನ್ನು ನಂಬುವುದಕ್ಕೂ ಕಾರಣ ಹುಡುಕುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ.

ತೋಟದವರಿಗೆ ಇದು ಬೇಗ ಅರ್ಥವಾದೀತು. ಕೊಳೆರೋಗಕ್ಕೆ ಮದ್ದು ಬಿಡಬೇಕಾದ್ದು ನಳ್ಳಿ (ಎಳೆಯ ಅಡಿಕೆ) ಉದುರಿದ ಮೇಲಲ್ಲ, ಮಳೆ ಹಿಡಿಯುವ ಮೊದಲು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಕಬ್ಬಿಣದ ಪಾತ್ರೆ ಬೇಡ. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಆಕಾಶನೀಲಿ ಬಣ್ಣ ಬಂದ ಮೇಲೆ ಉಜ್ಜಿದ ಕತ್ತಿಯ ಮೊನೆಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕತ್ತಿಯ ಮೇಲೆ ಕೆಂಪು ಕೂತಿದ್ದರೆ ತುತ್ತು ಹೆಚ್ಚಾಗಿದೆ, ಸುಣ್ಣ ಇನ್ನಷ್ಟು ಬೇಕು. ಮಾಡಿದ ದಿನವೇ ಬಿಟ್ಟು ಮುಗಿಸಬೇಕು, 40-45 ದಿನಕ್ಕೆ ಎರಡನೆಯದು. ಅದು ಬೀಳುವುದು ಆಟಿಯ ನಡುವೆ, ಮಳೆ ಅರ್ಧ ದಿನ ಬಿಡುವು ಕೊಟ್ಟಾಗ. ಆ ಅರ್ಧ ದಿನ ಮರ ಹತ್ತುವವರು ಸಿಗುತ್ತಾರೋ ಇಲ್ಲವೋ, ಮಧ್ಯಾಹ್ನಕ್ಕೆ ಮೋಡ ಕವಿಯುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಕತ್ತಿ ಅದ್ದಿ ನೋಡುವುದು ನಮ್ಮ ಕೈಯಲ್ಲಿದೆ. ಅದನ್ನು ತಪ್ಪಿಸಿ ಆಮೇಲೆ ಅಡಿಕೆ ಉಳಿಸು ಎಂದು ಹರಕೆ ಹೇಳಿದರೆ ಕೇಳುವ ದೇವರಿಗೂ ಮುಜುಗರ.

ಮದ್ದಿನ ವಿಷಯದಲ್ಲಿ ಇನ್ನೂ ಗಂಭೀರವಾದದ್ದಿದೆ. 'ದೇವರ ಮೇಲೆ ಭಾರ ಹಾಕಿದ್ದೇನೆ' ಎಂದು ಮಾತ್ರೆ ನಿಲ್ಲಿಸುವವರು. ಅಪಸ್ಮಾರದ ಮಾತ್ರೆ ಒಮ್ಮೆಲೇ ಬಿಟ್ಟರೆ ಸೆಳೆತ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಅಪಾಯ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಏಕಾದಶಿ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ತಣ್ಣಗೆ ಬೆವರು, ನಡುಕ, ಮಾತು ತೊದಲುವುದು. ಮೈಮೇಲೆ ಬಂದಿದೆ ಎಂದು ಕೈಮುಗಿದು ನಿಲ್ಲಬೇಡಿ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ನೋಡಿ, ಇಳಿಯದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ರೋಗಿಗೆ ಉಪವಾಸವಿಲ್ಲ, ಹಾಲುಹಣ್ಣು ಸಾಕು ಎಂಬುದು ನಮ್ಮಲ್ಲಿ ಹಳೆಯ ಮಾತೇ. ನೆರೆಯ ಮುಸ್ಲಿಮರಲ್ಲಿ ಕಾಯಿಲೆಯವರು ಉಪವಾಸ ಬಿಟ್ಟು ಗುಣವಾದ ಮೇಲೆ ತುಂಬಿಕೊಡಬಹುದು, ನಿಲ್ಲಲಾಗದವರು ಕುಳಿತೇ ನಮಾಜು ಮಾಡಬಹುದು. ಕ್ರೈಸ್ತರಲ್ಲೂ ಶುಭ ಶುಕ್ರವಾರದ ಉಪವಾಸ ಕಾಯಿಲೆಯವರಿಗಿಲ್ಲ. ಮೂರೂ ಕಡೆ ದೇವರೇ ಸಡಿಲ ಬಿಟ್ಟಿರುವಾಗ ಹಗ್ಗ ಬಿಗಿಯುವವರು ನಾವೇ.

ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ, ಅನ್ನ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅವರಿಗೆ ಜಪ ಹೆಚ್ಚಿಸಲು ಹೇಳಿದರೆ ಸಾಲದು. ಅದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತು ಬಾಯಲ್ಲಿ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟದ ವಿಷದ ಡಬ್ಬಿ ಮೊದಲು ಬೇರೆಡೆಗೆ ಸಾಗಿಸಿ. ಅವರನ್ನು ಭಜನೆಗೆ ಕರೆತರುವವರಿಗೊಂದು ಸೂಚನೆ: ತಾಳ ಕೈಗೆ ಕೊಟ್ಟು ಮುಂದೆ ಕೂರಿಸಬೇಡಿ. ಕುಣಿತ ಭಜನೆಯ ಅಬ್ಬರದಲ್ಲಿ ನೊಂದವರು ಇನ್ನಷ್ಟು ಒಂಟಿಯಾಗುತ್ತಾರೆ. ಹಿಂದೆ, ಕಂಬಕ್ಕೆ ಒರಗಿ ಕೂರಲಿ. ಮಂಗಳ ಹಾಡಿದ ಮೇಲೆ ಅವಲಕ್ಕಿ ಕೈಗಿಡುವಾಗ 'ನಾಳೆ ಬರ್ತೀರಲ್ಲ ಅಕ್ಕ?' ಎಂದರೆ ಸಾಕು.

ಸಾವಿನ ಮನೆಯಲ್ಲಿ 'ದೇವರು ಪರೀಕ್ಷೆ ಮಾಡ್ತಿದ್ದಾರೆ', 'ಯಾವ ಜನ್ಮದ ಕರ್ಮವೋ' ಎನ್ನುವ ಮಾತುಗಳನ್ನು ಒಂದು ವರ್ಷಕ್ಕಾದರೂ ನಿಷೇಧಿಸಬೇಕೆಂದು ನಮಗನಿಸುತ್ತದೆ. ಗಂಡನನ್ನು ಕಳೆದುಕೊಂಡವಳಿಗೆ ಪರೀಕ್ಷೆಯ ಫಲಿತಾಂಶ ಹೇಳಲು ನಾವ್ಯಾರು? ಹಾಲು ಕರೆದು ಸೊಸೈಟಿಗೆ ಹಾಕಿ ಬನ್ನಿ, ರೇಷನ್ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತು ಬನ್ನಿ, ಮರಣಪತ್ರಕ್ಕೆ ಪಂಚಾಯತಿಗೆ ಹೋಗುವಾಗ ಮಲಯಾಳದ ಅರ್ಜಿ ಓದಿ ಹೇಳುವವರೊಬ್ಬರು ಜೊತೆಗಿರಿ. ಗಡಿನಾಡಿನಲ್ಲಿ ಈ ಕೊನೆಯದಕ್ಕೆ ಎಷ್ಟು ತೂಕವಿದೆ ಎಂಬುದು ಇಲ್ಲಿಯವರಿಗೇ ಗೊತ್ತು.

ಸಂಪಾದಕರೇ, ಆಟಿ ಅಮಾವಾಸ್ಯೆ ಹತ್ತಿರ ಬಂದಾಗ ನಿಮ್ಮ ಪತ್ರಿಕೆ ಅಂದು ಕುಡಿಯುವ ಪಾಲೆ (ಹಾಲೆ) ಮರದ ಕಷಾಯದ ಬಗ್ಗೆಯೂ ಬರೆಯುತ್ತದೆ. ನಸುಕಿನಲ್ಲಿ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಕೆತ್ತೆ (ತೊಗಟೆ) ಜಜ್ಜಿ ತೆಗೆದು, ಓಮ, ಕರಿಮೆಣಸು, ಬೆಳ್ಳುಳ್ಳಿ, ಅರಶಿನ ಸೇರಿಸಿ ಅರೆದು, ಹಿಂಡಿದ ರಸಕ್ಕೆ ಕಾಯಿಸಿದ ಬೆಣಚುಕಲ್ಲು ಹಾಕಿ, ಬರಿಹೊಟ್ಟೆಯಲ್ಲಿ ಸ್ವಲ್ಪವೇ ಕುಡಿದು, ಮೇಲಿನಿಂದ ಮೆಂತೆ ಗಂಜಿ ಉಣ್ಣುವ ಕ್ರಮ ಎಲ್ಲರಿಗೂ ಗೊತ್ತು. ಹಿರಿಯರು ಹಾಕಿಕೊಟ್ಟ ನಿಯಮ ಪಾಲಿಸಬೇಕೆಂಬ ಶ್ರದ್ಧೆಯೇನೋ ಇದೆ, ಆದರೆ ಮರ ಯಾವುದೆಂದು ಗೊತ್ತಿಲ್ಲದವರು ಹೆಚ್ಚುತ್ತಿದ್ದಾರೆ. ಕತ್ತಲಲ್ಲಿ ಕಾಸರ್ಕನ ಮರದ ಕೆತ್ತೆ ಬಂದರೆ ಅದು ವಿಷ. ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಮರ ಗುರುತಿಸಿ ನೂಲು ಕಟ್ಟಿ ಬರಬೇಕು. ಪಾಲೆಗೆ ಒಂದೇ ಗಂಟಿನಿಂದ ಸುತ್ತಲೂ ಏಳರ ಹಾಗೆ ಎಲೆ, ಗೀರಿದರೆ ಬಿಳಿ ಹಾಲು. ಕಾಸರ್ಕನಿಗೆ ಎಲೆ ಎದುರುಬದುರಾಗಿ ಎರಡೆರಡೇ, ಬುಡದಿಂದಲೇ ಮೂರೋ ಐದೋ ನರ, ಹಾಲಿಲ್ಲ. ಹಾಲು ಬಂದ ಮಾತ್ರಕ್ಕೆ ಪಾಲೆಯೆಂದು ತಿಳಿಯಬೇಡಿ, ಹಾಲಿರುವ ವಿಷದ ಮರಗಳೂ ಇವೆ. ಎಲೆಯನ್ನೂ ಹಾಲನ್ನೂ ಎರಡನ್ನೂ ನೋಡಿ, ಗೊತ್ತಿರುವ ಹಿರಿಯರಿಗೆ ತೋರಿಸಿಯೇ ನೂಲು ಕಟ್ಟಿ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಕೊಡಬೇಡಿ. ಈ ಬಾರಿ ಪತ್ರೊಡೆಯ ಚಿತ್ರ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ, ಪಕ್ಕದಲ್ಲಿ ಎರಡು ಮರದ ಎಲೆಗಳ ಚಿತ್ರವನ್ನೂ ಕೆಳಗೆ 14416 ಎಂಬ ಸಂಖ್ಯೆಯನ್ನೂ ಅಮಾವಾಸ್ಯೆಯ ಹಿಂದಿನ ದಿನವೇ ಹಾಕಿ.

ಇತಿ,
ಭಜನಾ ಮಂದಿರವೊಂದರ ಕಾರ್ಯಕರ್ತರು
ಬದಿಯಡ್ಕ, ಕಾಸರಗೋಡು